ಒಣಗಲಿಟ್ಟದ್ದು

"ಫೋಟೋ ಎಲ್ಲಾ ಸಿಕ್ಕವು ಕಣೇ, ಒಂದೂ ಹೋಗಿಲ್ಲ" ಎಂದು ದಯಾನಂದ್ ಫೋನಿನಲ್ಲಿ ಹೇಳಿದಾಗ ಗಿರಿಜಾಂಬಿಕಾ ತುರುವೇಕೆರೆಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಗಂಡನ ದನಿಯಲ್ಲಿ ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ದಿನದ ಗೆಲುವಿತ್ತು. ಕೆಟ್ಟ ಲ್ಯಾಪ್‌ಟಾಪಿನ ಹೊಟ್ಟೆಯಿಂದ ರಿಪೇರಿಯ ಚಿರಂಜೀವಿ ಹಾರ್ಡ್ ಡಿಸ್ಕ್ ಬಿಚ್ಚಿದನಂತೆ, ಅದನ್ನೊಂದು ಪುಟ್ಟ ಡಬ್ಬಿಗೆ ಹಾಕಿ ವೈರು ಕೊಟ್ಟು ತಮ್ಮ ಕೊಬ್ಬರಿ ಮಂಡಿಯ ಕಂಪ್ಯೂಟರಿಗೆ ಸಿಕ್ಕಿಸಿದನಂತೆ, ತನ್ನ ತಂಗಿ ವರ್ಷಿಣಿಯ ನಿಶ್ಚಿತಾರ್ಥದ ಫೋಟೋಗಳು ಸಾಲಾಗಿ ಎದ್ದು ಬಂದವಂತೆ. "ನನ್ನ ಬರವಣಿಗೆ?" ಎಂದು ಇವಳು ಕೇಳಿದಳು. ಆ ಕಡೆ ಯಾರೋ ನಕ್ಕ ಸದ್ದು, ಮೂಟೆ ಎಳೆದ ಸದ್ದು. "ಅದಾ? ನಿನ್ನ ನೋಟ್ಸೆಲ್ಲ ಕೆಟ್ಟೋಗೈತಂತೆ ಬುಡು. ವೈರಸ್ಸಂತೆ. ತೆಗೆದ್ರೆ ಬರೀ ಕಸ. ಎಲ್ಲ ಒರೆಸಿ ಕ್ಲೀನ್ ಮಾಡಿ ಡಿಸ್ಕ್‌ನ ಮಂಡಿ ಲೆಕ್ಕಕ್ಕೆ ಇಟ್ಕೊತೀವಿ, ಚೆನ್ನಾಗೈತೆ, ವೇಸ್ಟ್ ಯಾಕೆ ಮಾಡೋದು." ಅವಳು ಡಬ್ಬಿಯ ಮುಚ್ಚಳ ಮತ್ತೆ ಹಾಕಿದಳು. ಒರೆಸಬೇಡಿ, ನಾನು ಬರುವತನಕ ಯಾವುದನ್ನೂ ಮುಟ್ಟಬೇಡಿ ಎಂದಳು. ಪಕ್ಕದ ಟೇಬಲ್ಲಿನ ಇಂಗ್ಲಿಷ್ ಮೇಷ್ಟರು ತಲೆ ಎತ್ತಿ ನೋಡುವಷ್ಟು ಜೋರಾಗಿ ಅಂದಿದ್ದಳೆಂದು ಅವಳಿಗೆ ಆಮೇಲೆ ತಿಳಿಯಿತು. ರಜೆಯ ಚೀಟಿ ಬರೆದಿಟ್ಟು, ಪ್ರಿನ್ಸಿಪಾಲರು ಏನೆಂದಾರು ಎಂದು ಕಾಯದೆ, ತಿಪಟೂರಿನ ಬಸ್ಸು ಹತ್ತಿದಳು.

ಕಸ. ಹೇಗೆ ಸಲೀಸಾಗಿ ಅಂದುಬಿಟ್ಟ. ಬಸ್ಸಿನ ಕಿಟಕಿಯಾಚೆ ತೋಟಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು, ಗರಿಗಳ ನಡುವೆ ಮಧ್ಯಾಹ್ನದ ಬಿಸಿಲು ತುಂಡುತುಂಡಾಗಿ ಬೀಳುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಮಡಿಲಿನ ಕೋಳಿಯ ಕಾಲು ಸಡಿಲಿಸುತ್ತ ಎಲ್ಲಿಗವ್ವ ಅಂದಳು. ತಿಪಟೂರಿಗೆ ಎಂದು ಹೇಳುವಾಗಲೂ ಗಿರಿಜಾಂಬಿಕಾಳ ಹಲ್ಲು ಕಚ್ಚಿಕೊಂಡೇ ಇತ್ತು. ಆ ಮನೆಯಲ್ಲಿ ಎಲ್ಲದಕ್ಕೂ ಒಂದೇ ಔಷಧಿ, ಬುಡು. ಸೊಸೆ ತಲೆನೋವೆಂದರೆ ಬುಡು, ಸಾರಿಗೆ ಉಪ್ಪು ಹೆಚ್ಚಾದರೆ ಬುಡು, ಅತ್ತೆ ಸತ್ತ ವಾರದಲ್ಲೇ ಅವರ ಮಂಚವನ್ನು ಕೊಟ್ಟಿಗೆಗೆ ಸಾಗಿಸಿದಾಗಲೂ ಬುಡು. ಒಳ್ಳೆಯವರೇ ಎಲ್ಲರೂ. ಕೈ ಎತ್ತಿದವರಲ್ಲ, ಬೈದವರಲ್ಲ, ಅವಳನ್ನು ಕೆಲಸಕ್ಕೆ ಕಳಿಸಿದವರು. ಊರಲ್ಲಿ ಮಾವ ಕರಿಬಸವಯ್ಯನವರ ಮನೆ ಎಂದರೆ ದೇವರಂಥ ಮನೆ ಅನ್ನುತ್ತಾರೆ. ಇಂಥವರ ಮೇಲೆ ಸಿಟ್ಟು ಬಂದರೆ ಅದನ್ನು ತೆಗೆದುಕೊಂಡು ಎಲ್ಲಿ ಇಳಿಸಬೇಕು? ಕೆಟ್ಟವರ ಮೇಲಾದರೆ ಕೂಗಾಡಬಹುದು, ನಾಲ್ಕು ಜನ ನ್ಯಾಯ ಹೇಳುತ್ತಾರೆ. ಒಳ್ಳೆಯವರ ಮೇಲಿನ ಸಿಟ್ಟು ಹೊಟ್ಟೆಯೊಳಗೇ ಹುಳಿಯುತ್ತದೆ.

ಲ್ಯಾಪ್‌ಟಾಪ್ ಕೆಟ್ಟದ್ದೂ ಹಾಗೆಯೇ, ಒಳ್ಳೆಯತನದಿಂದ. ಆಯುಧಪೂಜೆಯ ದಿನ ಅವಳು ಒಳಗೆ ಕಡುಬು ಬೇಯಿಸುತ್ತಿದ್ದಾಗ ಬಿಳಿಗೆರೆಯ ಮನೆಯಂಗಳದಲ್ಲಿ ಮಾವ ಟ್ರ್ಯಾಕ್ಟರು, ತಕ್ಕಡಿ, ಮಚ್ಚು, ಕಾಯಿ ಸುಲಿಯುವ ಕಬ್ಬಿಣದ ಗೂಟ ಎಲ್ಲವನ್ನೂ ಸಾಲಾಗಿಟ್ಟು ತೊಳೆದು ವಿಭೂತಿ ಹಚ್ಚಿದ್ದರು. ಕೊನೆಗೆ ಏನೋ ನೆನಪಾಗಿ ಅವಳ ಕೋಣೆಯಿಂದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಮುಚ್ಚಿದ್ದರೆ ಪೂಜೆ ತಲುಪುವುದಿಲ್ಲವೆಂದು ಪುಸ್ತಕದ ಹಾಗೆ ಅಗಲವಾಗಿ ತೆರೆದು ಮಣೆಯ ಮೇಲಿಟ್ಟರಂತೆ. ಗಾಜಿಗೆ ಮೂರು ಬೆರಳ ವಿಭೂತಿ, ಅಕ್ಷರದ ಗುಂಡಿಗಳ ಮೇಲೆ ಒಂದು ಹಿಡಿ ಸೇವಂತಿಗೆ. ಕಾಯಿ ಒಡೆದು ಎಲ್ಲ ಆಯುಧಗಳ ಮೇಲೂ ಕಾಯಿನೀರು ಚಿಮುಕಿಸಿದವರು, ಸೊಸೆಯ ಆಯುಧವೆಂದು ಇದರ ಮೇಲೆ ಮಾತ್ರ ಹೋಳಿನಲ್ಲಿದ್ದಷ್ಟನ್ನೂ ಭಕ್ತಿಯಿಂದ ಹುಯ್ದರು. ಅವಳು ಕಡುಬಿನ ಕೈಯಲ್ಲೇ ಓಡಿ ಬಂದಾಗ ಗುಂಡಿಗಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಸರಸ್ವತಿ ಅಲ್ವೇನವ್ವ ಇದು, ಅದ್ಕೆ ಒಂದು ಕೈ ಮುಂದಾಗಿ ಮಾಡ್ದೆ" ಎಂದು ನಕ್ಕರು. ಏನು ಹೇಳುವುದು? ಇಡೀ ಊರಿನಲ್ಲಿ ಸೊಸೆಯ ಯಂತ್ರಕ್ಕೆ ಪೂಜೆ ಮಾಡಿದ ಮಾವ ಇನ್ನೊಬ್ಬನಿಲ್ಲ. ಅವಳೂ ನಕ್ಕಳು. ಆ ನಗುವನ್ನು ನೆನೆದಾಗಲೆಲ್ಲ ಈಗಲೂ ಅವಳಿಗೆ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಮಾರನೆಯ ದಿನ ನೋಡಿದರೆ ಲ್ಯಾಪ್‌ಟಾಪು ಕೋಣೆಯಲ್ಲಿರಲಿಲ್ಲ. ಎಲ್ಲಿ ಅಂದರೆ ಮಾವ ಕಣ್ಣಲ್ಲೇ ಮೇಲೆ ತೋರಿಸಿದರು. ಅಟ್ಟದ ಮೇಲೆ ಇಟ್ಟಿದ್ದರು. ಹಳೆಯ ಅಡಿಗೆಮನೆಯ ಒಲೆಯ ನೇರಕ್ಕೆ, ಬಿದಿರ ದಬ್ಬೆಗಳ ಮೇಲೆ, ವರ್ಷದಿಂದ ಹೊಗೆ ಕುಡಿಯುತ್ತ ಕೊಬ್ಬರಿಯಾಗುತ್ತಿದ್ದ ಕಾಯಿಗಳ ನಡುವೆ ಜಾಗ ಮಾಡಿ, ಕೆಳಗೆ ತೆಂಗಿನ ಮಟ್ಟೆಯ ಉರಿ ಹಾಕಿಸಿದ್ದರು. "ಒದ್ದೆ ಆಗೈತೆ, ಒಣಗ್ಲಿ. ನಮ್ಮ ಸೀಮೇಲಿ ಒಣಗ್ದೇ ಇರೋದು ಯಾವ್ದೈತೆ? ನಿಧಾನಕ್ಕೆ ಒಣಗಬೇಕು, ಬಿಸ್ಲಿಗಿಟ್ರೆ ಸೀಳ್ತದೆ." ಏಣಿ ಹತ್ತಿ ಕೆಳಗಿಳಿಸಿದಾಗ ವಿಭೂತಿಯ ಮೇಲೆ ಮಸಿ ಕೂತು ಗಾಜು ಸಗಣಿ ಸಾರಿಸಿದಂತಾಗಿತ್ತು. ಗುಂಡಿ ಒತ್ತಿದರೆ ಉಸಿರೂ ಇಲ್ಲ. ಅವಳಿಗೆ ಆಗ ಅಳು ಬಂದದ್ದು ಲ್ಯಾಪ್‌ಟಾಪಿಗಾಗಿ ಅಲ್ಲ. ಆ ಅಟ್ಟ, ಆ ಒಲೆ, ಆ ಹೊಗೆ. ಅತ್ತೆಯನ್ನು ಒಣಗಿಸಿದ್ದು ಸಾಲದೆಂದು ಅತ್ತೆಯ ಮಾತನ್ನೂ ಅಲ್ಲಿಗೇ ಏರಿಸಿದ್ದರು.

ಏಕೆಂದರೆ ಅದರೊಳಗಿದ್ದದ್ದು ನೋಟ್ಸ್ ಅಲ್ಲ. ಬಿ.ಎ. ಹುಡುಗರಿಗೆ ನೋಟ್ಸ್ ಮಾಡುತ್ತಿದ್ದೇನೆ ಎಂದು ಅವಳು ಮನೆಯವರಿಗೆ ಹೇಳಿದ್ದಳು ಅಷ್ಟೆ. ಅದರಲ್ಲಿದ್ದದ್ದು ಚಿಕ್ಕಗೌರಮ್ಮ, ಅವಳ ಅತ್ತೆ. ಕೊನೆಯ ಬೇಸಿಗೆಯಲ್ಲಿ ಅತ್ತೆಯ ಮಂಚವನ್ನು ಗಾಳಿ ಬರಲೆಂದು ಪಡಸಾಲೆಗೆ ತಂದಾಗ ಭಾನುವಾರಗಳಲ್ಲಿ ಇವಳು ಪಕ್ಕದಲ್ಲಿ ಕೂತು ಬರೆಯುತ್ತಿದ್ದಳು. "ಏನ್ ಕುಟ್ತೀಯವ್ವ ಅದ್ರಲ್ಲಿ?" ಎಂದು ಅತ್ತೆ ಕೇಳಿದರು. ನೀವು ಹೇಳಿದ್ದೇ ಅತ್ತೆ ಎಂದಳು. "ನಂದೇನೈತೆ ಬುಡು" ಎಂದವರು ಮಗ್ಗುಲಾದರು. ಮುಂದಿನ ಭಾನುವಾರ ತಾವೇ ಕರೆದರು, ಹೋದ ವಾರ ಹೇಳಿದ್ದರಲ್ಲಿ ಒಂದು ತಪ್ಪಾಗಿದೆ, ಅದನ್ನು ತೆಗೆದು ಇದನ್ನು ಹಾಕು ಅಂದರು. ಅಲ್ಲಿಂದ ನಿಲ್ಲಲಿಲ್ಲ. ಮದುವೆಯಾಗಿ ಬಂದ ದಿನ ತಮ್ಮ ಅತ್ತೆ ಒಲೆಯ ಮುಂದೆ ಕೂರಿಸಿ ಊದುಗೊಳವೆ ಕೈಗೆ ಕೊಟ್ಟದ್ದು, ಅಟ್ಟದಲ್ಲಿ ಕಾಯಿ ಇರುವತನಕ ಒಲೆ ಆರಬಾರದೆಂದದ್ದು, ಹೊಗೆಗೆ ಮೊದಲ ಮಗು ಕೆಮ್ಮಿ ಕೆಮ್ಮಿ ಹೋದದ್ದು. ಆ ಮಗುವಿನ ವಿಷಯ ದಯಾನಂದನಿಗೇ ಗೊತ್ತಿರಲಿಲ್ಲ. ನಡುನಡುವೆ ಉಸಿರು ಸಾಲದೆ ಕೈಯಲ್ಲೇ ತಡಿ ಎಂದು ಸನ್ನೆ ಮಾಡಿ, ಬಾಯಿಗೆ ಸೆರಗಿಟ್ಟುಕೊಂಡು ಕೆಮ್ಮಿ, ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಂದಲೇ ಶುರು ಮಾಡುತ್ತಿದ್ದರು. "ನಾ ಇರೋ ತಂಕ ಯಾರ್ಗೂ ಓದಬ್ಯಾಡ" ಎಂದಿದ್ದರು. ಆಮೇಲೆ ಎಂದು ಕೇಳಿದ್ದಕ್ಕೆ, "ಆಮ್ಯಾಕೆ ಓದು. ಆಗ ಯಾರಾನ ಕೇಳ್ತಾರೋ ನೋಡಾನ" ಎಂದರು.

ಓದಲಿಲ್ಲ ಅವಳು. ಅತ್ತೆ ಹೋಗಿ ವರ್ಷ ಕಳೆದಿತ್ತು. ತಿಥಿ ಮುಗಿಯಲಿ ಎಂದುಕೊಂಡಳು, ವರ್ಷಿಣಿಯ ಮದುವೆ ಮುಗಿಯಲಿ ಎಂದುಕೊಂಡಳು, ಮಾವನಿಗೆ ಸಕ್ಕರೆ ಕಾಯಿಲೆ, ಈಗ ಬೇಡ ಎಂದುಕೊಂಡಳು. ಕಾರಣಕ್ಕೇನು ಬರ? ಸತ್ಯ ಹೇಳಬೇಕೆಂದರೆ ಅದರಲ್ಲಿ ಅವಳೂ ಇದ್ದಳು. ಬೆಳಗಿನ ಬಸ್ಸಿಗೆ ಹೊತ್ತಾಗುತ್ತದೆಂದು, ಸೀರೆಯೆಲ್ಲ ಹೊಗೆ ನಾರುತ್ತದೆಂದು ಹಟ ಹಿಡಿದು ಗ್ಯಾಸ್ ತರಿಸಿ ಬೇರೆ ಅಡಿಗೆಮನೆ ಮಾಡಿಸಿಕೊಂಡವಳು ಅವಳೇ. ಹಳೆಯ ಒಲೆ ಅತ್ತೆಗೆ ಉಳಿಯಿತು, ಕಾಯಿ ಒಣಗಬೇಕಲ್ಲ. ಗ್ಯಾಸ್ ಬಂದಮೇಲೆ ಅವಳ ಸೀರೆ ಹೊಗೆ ನಾರಲಿಲ್ಲ. ತುಮಕೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು "ಬೀಡಿ ಸೇದ್ತಿದ್ರಾ?" ಎಂದು ಕೇಳಿದಾಗ ಮಾವ ಬಿದ್ದು ಬಿದ್ದು ನಕ್ಕರು, ದಯಾನಂದನೂ ನಕ್ಕ, ಅತ್ತೆ ನಾಚಿಕೊಂಡು ತಲೆ ತಗ್ಗಿಸಿದರು. "ಅವ್ಳಿಗೆ ಏನೂ ಇಲ್ಲ ಬುಡಿ ಸಾ, ಅವ್ರ ತೌರಲ್ಲಿ ಎಲ್ರೂ ಹಂಗೇ ಕೆಮ್ತಾರೆ" ಎಂದು ಮಾವ ಹೇಳಿದರು. ಕಪ್ಪು ಹಾಳೆಯಲ್ಲಿ ಇನ್ನಷ್ಟು ಕಪ್ಪಾಗಿ ಕಾಣುತ್ತಿದ್ದ ಆ ಎದೆಗೂಡನ್ನು ನೋಡುತ್ತ ಗಿರಿಜಾಂಬಿಕಾ ಸುಮ್ಮನೆ ನಿಂತಿದ್ದಳು. ಅಡಿಗೆ ಹೊಗೆ ಎಂದು ಡಾಕ್ಟರಿಗೆ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಹೇಳಿದ್ದರೆ, ಹಾಗಾದರೆ ನೀನು ಗ್ಯಾಸ್ ಮುಂದೆ ನಿಂತು ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿಯಾರು ಎಂಬ ಭಯ ಇದ್ದಿತೆ? ಇತ್ತು.

ಬಸ್ಸು ತಿಪಟೂರಿನ ಸ್ಟ್ಯಾಂಡಿನಲ್ಲಿ ನಿಂತಾಗ ವರ್ಷಿಣಿ ಫೋನು ಮಾಡಿದಳು, ಚಿಕ್ಕನಾಯಕನಹಳ್ಳಿಯ ಗಂಡನ ಮನೆಯಿಂದ. "ಅತ್ತಿಗೆ, ಫೋಟೋ ಬಂದ್ವಂತಲ್ಲ! ಅಮ್ಮನ ಫೋಟೋ ಅಂತ ಇರೋದೇ ಅದ್ರಲ್ಲಿ. ನಂಗೊಂದು ಸೀಡಿ ಹಾಕ್ಸಿಡಿ." ಹ್ಞೂಂ ಎಂದಳು. ಬೇಡ ಅನ್ನಲು ಬರುತ್ತದೆಯೆ? ತಾಯಿಯ ಮುಖ ಬೇಕು ಎನ್ನುವವಳ ಮೇಲೆ ಸಿಟ್ಟಾಗಲೂ ಅವಕಾಶವಿಲ್ಲ. ಆದರೆ ತಾಯಿಯ ಮಾತು ಬೇಕೆಂದು ಆ ಮನೆಯಲ್ಲಿ ಒಬ್ಬರಾದರೂ ಕೇಳಿದರೆ? ಇದೆಯೆಂದೇ ಅವರಿಗೆ ಗೊತ್ತಿಲ್ಲ, ಗೊತ್ತುಮಾಡದವಳು ನೀನೇ ಎಂದು ಒಳಗಿನಿಂದ ಯಾರೋ ಚುಚ್ಚಿದರು. ಅವಳು ಬಿರಬಿರನೆ ನಡೆದಳು.

ಹರಾಜಿಲ್ಲದ ದಿನ, ಮಂಡಿಯಲ್ಲಿ ಗದ್ದಲವಿರಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಹೆಂಗಸರು ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುವ ಟಕಟಕ ಸದ್ದು ಮಾತ್ರ ಬರುತ್ತಿತ್ತು. ಮುಂಗಟ್ಟೆಯ ಗಾದಿಯ ಮೇಲೆ ಮಾವ ಕರಿಬಸವಯ್ಯ ಕಾಲು ಮಡಿಸಿ ಕೂತಿದ್ದರು, ಎದುರಿಗೆ ಪಕ್ಕದ ಮಂಡಿಯ ಮಲ್ಲಿಕಾರ್ಜುನಯ್ಯ. ಮೂಲೆಯ ಮೇಜಿನ ಕಂಪ್ಯೂಟರಿನ ಮುಂದೆ ಚಿರಂಜೀವಿ, ಸ್ಟೇಷನ್ ರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟವನು. ಅವನ ಹೆಗಲ ಮೇಲೆ ಬಗ್ಗಿ ನಿಂತ ದಯಾನಂದ್. ಪರದೆಯ ಮೇಲೆ ನಿಶ್ಚಿತಾರ್ಥ ನಡೆಯುತ್ತಿತ್ತು. ಬನ್ನಿ ಮೇಡಂ ಎಂದು ಚಿರಂಜೀವಿ ಎದ್ದು ಕುರ್ಚಿ ಬಿಟ್ಟುಕೊಟ್ಟ, ಅವಳು ಕೂರಲಿಲ್ಲ. ಮೇಜಿನ ಮೇಲೆ ಅಂಗೈಯಗಲದ ಆ ಪೆಟ್ಟಿಗೆ, ಕರುಳಿನಂತೆ ಒಂದು ವೈರು, ಮಿಣುಕುವ ಹಸಿರು ದೀಪ. ಇಷ್ಟೇನೆ ಅನ್ನಿಸಿತು ಅವಳಿಗೆ. "ನೋಡವ್ವ, ನಾನೇನೋ ಕೈಗಿಸ್ಕಂಡು ಕಿವಿ ಹತ್ರ ಅಲ್ಲಾಡಿಸ್ದೆ, ಲೊಡಲೊಡ ಅಂತದಾ ಅಂತ" ಎಂದರು ಮಾವ, "ಇವ್ನು ಹಾವು ಹಿಡ್ದೋನಂಗೆ ಕೂಗ್ಕಂಡ. ಅಲ್ಲಾಡಿಸಬಾರದಂತೆ. ಒಳಗೆ ಕೊಬ್ಬರಿ ಆಗೈತಾ ಇಲ್ವಾ ಅಂತ ಮತ್ತೆ ಹೆಂಗ್ಲಾ ತಿಳ್ಕೊಳದು?" ಮಲ್ಲಿಕಾರ್ಜುನಯ್ಯ ಹೊಟ್ಟೆ ಕುಣಿಸಿ ನಕ್ಕರು. ದಯಾನಂದನೂ ನಕ್ಕ. ಗಿರಿಜಾಂಬಿಕಾಳ ಕಣ್ಣು ಪರದೆಯ ಮೇಲಿತ್ತು. ಒಂದೊಂದೇ ಫೋಟೋ ಸರಿಯುತ್ತಿತ್ತು. ಎಲ್ಲದರಲ್ಲೂ ಅತ್ತೆ ಅಂಚಿನಲ್ಲಿದ್ದರು, ಅರ್ಧ ಭುಜ ಹೊರಗೆ, ಎಲ್ಲದರಲ್ಲೂ ಬಾಯಿಗೆ ಸೆರಗು.

"ಮೇಡಂ ಫೋಲ್ಡರ್ ಒಂದು ತೆಗೀಲೇ ಇಲ್ಲ ಮೊದ್ಲು" ಎಂದು ಚಿರಂಜೀವಿ ಕೆಲಸದ ಹೆಮ್ಮೆಯಲ್ಲಿ ವಿವರಿಸಿದ. "ಬೇರೆ ಕಂಪ್ಯೂಟ್ರು ಅಲ್ವಾ, ಒಳಗೆ ಬಿಡಲ್ಲ ಅಂತು. ಆಮೇಲೆ ಅದರ ಒಡೆತನ ಸಾರ್ ಹೆಸ್ರಿಗೆ ಮಾಡ್ಕೊಂಡೆ. ಈ ಕಂಪ್ಯೂಟ್ರಲ್ಲಿ ಇರೋದು ಅವ್ರ ಹೆಸ್ರೇ ಅಲ್ವಾ. ತಕ್ಷಣ ತೆಗೀತು." "ಹೆಂಡ್ತಿ ಆಸ್ತಿ ಗಂಡನ ಹೆಸರಿಗೆ ಖಾತೆ ಆಯ್ತು ಅನ್ನು, ಸಬ್ ರಿಜಿಸ್ಟ್ರಾರೂ ಬೇಕಾಗಲಿಲ್ಲ" ಎಂದರು ಮಲ್ಲಿಕಾರ್ಜುನಯ್ಯ. ಮತ್ತೆ ನಗು. ಯಾರನ್ನು ಕೇಳಿ? ಎಂದು ಅವಳ ನಾಲಗೆಯ ತುದಿಗೆ ಬಂತು. ಫೋನು ಇರಲಿಲ್ಲವೆ, ಮೊದಲು ಒಂದು ಮಾತು ಕೇಳಲು ಏನು ದಾಡಿ? ಅವಳ ಬೀರುವಿನ ಬಾಗಿಲು ತೆಗೆದು ಸೀರೆಗಳನ್ನು ಮಂಡಿಯ ಕಟ್ಟೆಯ ಮೇಲೆ ಹರವಿದ್ದರೂ ಹೀಗೆ ಮೈ ಉರಿಯುತ್ತಿರಲಿಲ್ಲ. "ನನ್ನ ಫೈಲು ತೋರಿಸಿ" ಎಂದಳು. ಚಿರಂಜೀವಿ ತೆರೆದ.

ಪರದೆಯ ತುಂಬ ಹುಳ ಹರಿದಾಡಿದ ಹಾಗಿತ್ತು. ಕನ್ನಡದ ಒಂದಕ್ಷರ ಇಲ್ಲ. ಇಂಗ್ಲಿಷಿನ ಸಿ, ವಿ, ಎಂ, ತಲೆಯ ಮೇಲೆ ಗೀಟು ಹೊತ್ತ ಎ, ಎರಡು ಚುಕ್ಕೆ ಹೊತ್ತ ಎ, ಪೌಂಡಿನ ಗುರುತು, ಯಾವ ದೇಶದ ಹಣವೋ ಇನ್ನೊಂದು ಗುರುತು, ಸಾಲು ಸಾಲು, ಪುಟ ಪುಟ. "ನೋಡು, ನಾ ಹೇಳ್ಲಿಲ್ವಾ" ಎಂದ ದಯಾನಂದ್, ಮೃದುವಾಗಿಯೇ. "ಹೊಗೇಲಿಟ್ಟಿದ್ದಕ್ಕೋ ಏನೋ, ಹಿಂಗಾಗೈತೆ. ಇನ್ನೊಂದ್ಸಲ ಮಾಡ್ಕೊಂಡ್ರಾಯ್ತು ಬುಡು, ನೋಟ್ಸ್ ತಾನೆ?" ಚಿರಂಜೀವಿ ತಲೆಯಾಡಿಸಿದ. "ವೈರಸ್ ಮೇಡಂ. ಇದನ್ನ ಕಾಪಿ ಮಾಡಿದ್ರೆ ಮಂಡಿ ಕಂಪ್ಯೂಟ್ರೂ ಹೋಗ್ಬಿಡ್ತದೆ. ಒಂದೇ ಸಲ ಎಲ್ಲ ಒರೆಸೋದು ವಾಸಿ."

ಅವಳು ಆ ಗುರುತುಗಳನ್ನು ಮತ್ತೊಮ್ಮೆ ನೋಡಿದಳು. ಮೊದಲ ಗುರುತು ಸಿ. ಸಿ ಎಂದರೆ ಅ. ಅದರ ಹಿಂದೆ ವಿ, ಅಂದರೆ ತ. ಇದು ಕೆಟ್ಟಿರಲಿಲ್ಲ. ಕಂಪ್ಯೂಟರಿನ ಕನ್ನಡವೆಂದರೆ ಇಂಗ್ಲಿಷ್ ಗುರುತುಗಳಿಗೆ ಕನ್ನಡದ ಅಂಗಿ ತೊಡಿಸಿದ್ದು. ಆ ಅಂಗಿಯ ಪೆಟ್ಟಿಗೆ, ಅವರು ಫಾಂಟ್ ಅನ್ನುತ್ತಾರಲ್ಲ ಅದು, ಅವಳ ಲ್ಯಾಪ್‌ಟಾಪಿನಲ್ಲಿತ್ತು. ಇಂಗ್ಲಿಷಿನಲ್ಲೇ ಲೆಕ್ಕ ಬರೆಯುವ ಈ ಮಂಡಿಯ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಅಂಗಿಯೇ ಇರಲಿಲ್ಲ. ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಲು ತುಮಕೂರಿನ ಪ್ರೆಸ್ಸಿಗೆ ಹೋದಾಗಲೆಲ್ಲ ಹೀಗೆಯೇ ಆಗುತ್ತಿತ್ತು. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಹುಳುಹುಳು, ಹುಡುಕಾಡಿ ಫಾಂಟ್ ಹಾಕುವತನಕ ಅವಳು ಆ ಹುಳುಗಳನ್ನೇ ನೋಡುತ್ತ ಕೂತು, ವರ್ಷಗಳು ಕಳೆದಂತೆ ಮೊದಮೊದಲಿನ ಕಾಟ ಚಟವಾಗಿ, ಪಿ ಎಂದರೆ ಕ, ಎಂ ಎಂದರೆ ಒ, ಪೌಂಡು ಎಂದರೆ ನ ಎಂದು ಓದಲು ಕಲಿತುಬಿಟ್ಟಿದ್ದಳು. ಯಾರಿಗೂ ಉಪಯೋಗವಿಲ್ಲದ ವಿದ್ಯೆ ಎಂದು ತನಗೆ ತಾನೇ ನಕ್ಕಿದ್ದಳು. ಈಗ ಅಲ್ಲಿದ್ದರು ಅತ್ತೆ, ಇಡಿಯಾಗಿ, ಒಂದಕ್ಷರವೂ ಮಾಸದೆ. ಈ ನಾಲ್ಕು ಗಂಡಸರೂ ಅವರನ್ನೇ ನೋಡುತ್ತಿದ್ದರು, ಕಸ ಎನ್ನುತ್ತಿದ್ದರು.

ನಾಚಿಕೆಗೇಡು ಎಂದರೆ, ಅವಳಿಗೆ ಮೊದಲು ಬಂದದ್ದು ನಿರಾಳ. ಯಾರೂ ಓದಿಲ್ಲ. ಯಾರಿಗೂ ಓದಲು ಬರುವುದಿಲ್ಲ. ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ಹೋದರೆ ಮುಗಿಯಿತು. ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆದು, ಒಂದು ಸೀಡಿಗೆ ಹಾಕಿ, ಬೀರುವಿನಲ್ಲಿ ಸೀರೆಗಳ ಅಡಿಗೆ ಇಡಬಹುದು. ಅತ್ತೆ ಅಲ್ಲಿ ಸುರಕ್ಷಿತವಾಗಿರುತ್ತಾರೆ, ತಾನೂ. ಮಾವನಿಗೆ ವಯಸ್ಸಾಗಿದೆ, ಇನ್ನೊಂದಷ್ಟು ದಿನ ಹೋಗಲಿ. "ಒರೆಸಬೇಡಿ. ಹೀಗೇ ಕೊಡಿ, ತಗೊಂಡು ಹೋಗ್ತೀನಿ" ಎಂದಳು. ದಯಾನಂದ್ ಹುಬ್ಬು ಏರಿಸಿದ. "ಕಸ ಇಟ್ಕೊಂಡು ಏನ್ ಮಾಡ್ತೀಯೇ? ಡಿಸ್ಕ್ ಚೆನ್ನಾಗೈತೆ, ಮಂಡಿಗೆ ಬೇಕು." "ನನ್ನದು ಅದು" ಎಂದಳು. ಅವನು ಭುಜ ಕುಣಿಸಿ, ಆಯ್ತಪ್ಪ ಕೊಡು ಎಂದು ಚಿರಂಜೀವಿಗೆ ಹೇಳಿದ. ಚಿರಂಜೀವಿಯ ಕೈ ವೈರಿನತ್ತ ಹೋಯಿತು. ಅಲ್ಲಿಗೆ ಎಲ್ಲ ಸರಿಹೋಗಿತ್ತು. ಆಗ ಗಾದಿಯ ಮೇಲಿಂದ ಮಾವ, ಸೊಸೆಗೆ ಸಮಾಧಾನವಾಗಲೆಂದು, ನಿಜವಾದ ಅಕ್ಕರೆಯಿಂದ ಹೇಳಿದರು.

"ಹೋಗ್ಲಿ ಬುಡವ್ವ, ಬೇಜಾರ್ ಮಾಡ್ಕಬ್ಯಾಡ. ಅದ್ರಲ್ಲಿ ಏನೂ ಇಲ್ಲ."

ತುಮಕೂರಿನ ಆಸ್ಪತ್ರೆಯ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಬೆಳಕಿಗೆ ಹಿಡಿದ ಎಕ್ಸ್‌ರೇ. ಅವ್ಳಿಗೆ ಏನೂ ಇಲ್ಲ ಬುಡಿ ಸಾ. ಅದೇ ಮಾತು, ಅದೇ ದನಿ, ಅದೇ ಒಳ್ಳೆಯತನ. ಎದುರಿಗೆ ಹಿಡಿದರೂ ಕಾಣುವುದಿಲ್ಲ ಇವರಿಗೆ. ಓದಲು ಬಾರದ್ದೆಲ್ಲ ಏನೂ ಅಲ್ಲ ಇವರಿಗೆ. ಆವತ್ತು ತಾನು ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಇವತ್ತೂ ವೈರು ಕಿತ್ತುಕೊಂಡು ಬಾಯಿ ಮುಚ್ಚಿಕೊಂಡು ಹೋಗಲಿದ್ದಳು. ಸಿಟ್ಟು ಬಂತು. ಅದು ಮಾವನ ಮೇಲೆಯೋ, ಗಂಡನ ಮೇಲೆಯೋ, ತನ್ನ ಮೇಲೆಯೋ ಎಂದು ಬೇರ್ಪಡಿಸುವ ತಾಳ್ಮೆ ಅವಳಿಗೆ ಉಳಿದಿರಲಿಲ್ಲ. "ಇರಿ, ಕೀಳಬೇಡಿ" ಎಂದು ಚಿರಂಜೀವಿಯ ಕೈ ಸರಿಸಿದಳು. ಪರದೆಯ ಹತ್ತಿರ ಬಗ್ಗಿದಳು. ಮೊದಲ ಸಾಲಿಗೆ ಬೆರಳಿಟ್ಟಳು.

"ಅತ್ತೆ ಒಲೆ ಹಚ್ಚುವ ಹೊತ್ತಿಗೆ ಮನೆಯಲ್ಲಿ ಯಾರೂ ಎದ್ದಿರುತ್ತಿರಲಿಲ್ಲ" ಎಂದು ಓದಿದಳು.

ತಮಾಷೆ ಎಂದುಕೊಂಡು ಮಲ್ಲಿಕಾರ್ಜುನಯ್ಯ ನಗಲು ಬಾಯಿ ತೆರೆದರು. ಅವಳ ಬೆರಳು ಮುಂದಕ್ಕೆ ಸರಿಯಿತು. ಪಾಠ ಹೇಳಿ ಹೇಳಿ ಪಳಗಿದ ದನಿ, ಕೊನೆಯ ಬೆಂಚಿಗೂ ಮುಟ್ಟುವಂಥದ್ದು. "ಚಿಕ್ಕಗೌರಮ್ಮನವರು ಹೇಳಿದ್ದು. ನಾನು ಈ ಮನೆಗೆ ಬಂದ ದಿನ ನಮ್ಮತ್ತೆ ಊದುಗೊಳವೆ ಕೈಗೆ ಕೊಟ್ಟು, ಅಟ್ಟದಾಗೆ ಕಾಯಿ ಇರೋ ತಂಕ ಒಲೆ ಆರಬಾರದು ಅಂದ್ರು. ನಂಗೆ ಜ್ವರ ಬಂದ್ರೂ ಒಲೆಗೆ ಜ್ವರ ಬರೋ ಹಂಗಿರಲಿಲ್ಲ." ಚಿರಂಜೀವಿ ಪರದೆಯನ್ನೂ ಅವಳ ಬಾಯಿಯನ್ನೂ ಮಿಕಿಮಿಕಿ ನೋಡಿದ. "ಏನೇ ಇದು?" ಎಂದ ದಯಾನಂದ್. ಅವಳು ನಿಲ್ಲಿಸಲಿಲ್ಲ. ಕೂಸಿನ ವಿಷಯ ಬಂತು. ಕೂಸನ್ನು ಹೊಗೆಯ ಪಕ್ಕ ಮೊರದಲ್ಲಿ ಮಲಗಿಸಿದ್ದು, ಅದು ಗುಬ್ಬಿಯಷ್ಟು ಕೆಮ್ಮಿದ್ದು, ತಿಪಟೂರಿಗೆ ಒಯ್ಯಲು ಗಾಡಿ ಕಟ್ಟಿ ಎಂದು ಕೇಳಿದರೆ ಕಾಯಿ ಇಳಿಸುವ ದಿನ, ನಾಳೆ ಹೋಗೋಣ ಅಂದದ್ದು. "ನಾಳೆ ಮಗ ಇರಲಿಲ್ಲ." "ಗಿರಿಜಾ, ಸಾಕು. ಮನೇಲಿ ಮಾತಾಡಾನ" ಎಂದು ದಯಾನಂದ್ ತಗ್ಗಿದ ದನಿಯಲ್ಲಿ ಹೇಳಿ ಮಲ್ಲಿಕಾರ್ಜುನಯ್ಯನ ಕಡೆ ನೋಡಿದ. ತನಗೊಬ್ಬ ಅಣ್ಣ ಇದ್ದನೆಂದು ಅವನಿಗೆ ಆಗಷ್ಟೇ ತಿಳಿದಿತ್ತು, ಅದೂ ಪರರ ಮುಂದೆ. ಪಾಪ ಅನ್ನಿಸಿತು. ಅನ್ನಿಸಿದರೂ ಬೆರಳು ಮುಂದಕ್ಕೇ ಹೋಯಿತು.

ಮುಂದಿನ ಸಾಲಿನಲ್ಲಿ ಅವಳೇ ಇದ್ದಳು. ದೂರದಿಂದಲೇ ಗುರುತು ಸಿಕ್ಕಿತು. ದಾಟಿಸಿಬಿಡಬಹುದಿತ್ತು, ಇಲ್ಲಿ ಯಾರಿಗೆ ಗೊತ್ತಾಗುತ್ತದೆ? ಹುಳುಗಳು ಚಾಡಿ ಹೇಳುವುದಿಲ್ಲ. ದಾಟಿಸಲಿಲ್ಲ. "ಸೊಸೆ ಓದ್ದೋಳು, ಗ್ಯಾಸ್ ತರಿಸ್ಕಂಡ್ಲು. ಅವಳ ಒಲೆ ಬ್ಯಾರೆ ಆಯ್ತು. ಅಟ್ಟದ ಒಲೆ ನಂಗೇ ಉಳೀತು. ನೀನೂ ಒಂದಿನ ಈಕಡೆ ಬಂದು ಊದಲಿಲ್ಲವಲ್ಲ ಅಂತ ಕೇಳಬೇಕು ಅಂತಿದ್ದೆ, ಕೇಳಲಿಲ್ಲ. ಇದನ್ನೂ ಹಾಕು." ಆ ಸಾಲನ್ನು ಬರೆದ ದಿನ ಅತ್ತೆಯ ಮುಖ ನೋಡಲಾಗದೆ ಗುಂಡಿಗಳನ್ನೇ ನೋಡುತ್ತ ಕುಟ್ಟಿದ್ದು ನೆನಪಾಯಿತು. ಓದಿ ಮುಗಿಸಿದಳು. ಹಿಂದಿನ ಶೆಡ್ಡಿನ ಟಕಟಕ ನಿಂತದ್ದು ಆಗ ಗಮನಕ್ಕೆ ಬಂತು. ಚಿಪ್ಪು ಒಡೆಯುತ್ತಿದ್ದ ಹೆಂಗಸರು ಬಾಗಿಲಲ್ಲಿ ಬಂದು ನಿಂತಿದ್ದರು, ಒಬ್ಬಳ ಕೈಯಲ್ಲಿ ಇನ್ನೂ ಕತ್ತಿ ಇತ್ತು.

ಮಾವ ಗಾದಿಯಿಂದ ಎದ್ದಿದ್ದರು. ಹೆಗಲ ಟವೆಲು ಸರಿಮಾಡಿಕೊಂಡು, ಯಾರನ್ನೂ ನೋಡದೆ, ಚಪ್ಪಲಿ ಹುಡುಕುವವರಂತೆ ಹೊರಬಾಗಿಲಿಗೆ ಹೋದರು. ಹೊಸ್ತಿಲ ಬಳಿ ಯಾರೋ ರೈತ ಮಾದರಿಗೆಂದು ತಂದಿಟ್ಟ ಕಾಯಿಗಳ ಚೀಲವಿತ್ತು. ಅವರ ಕೈ ತಾನಾಗಿ ಅದರೊಳಗಿಂದ ಒಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಒಯ್ದಿತು, ಜೀವಮಾನವೆಲ್ಲ ಮಾಡಿದ ಹಾಗೆ. ಗಿರಿಜಾಂಬಿಕಾ ಅವರ ಬೆನ್ನನ್ನು ನೋಡಿದಳು. ದನಿ ಏರಿಸಿದಳು. ಇಷ್ಟು ದಿನ ಆ ಬೆನ್ನಿನ ಎದುರು ಸೆರಗು ಹೊದ್ದು ಮಾತಾಡಿದವಳು, ಬೀದಿಗೆ ಕೇಳಿಸುವಂತೆ ಓದಿದಳು.

"ಕಾಯಿ ಒಣಗೈತಾ ಅಂತ ನಿಮ್ಮ ಮಾವ ಒಂದೊಂದ್ನೂ ಕಿವಿ ಹತ್ರ ಹಿಡ್ದು ಅಲ್ಲಾಡ್ಸಿ ಕೇಳ್ತಾರೆ. ಒಳಗೆ ಬಿಟ್ಕಂಡೈತಾ, ಇನ್ನೂ ಹಸಿ ಐತಾ, ಸದ್ದಲ್ಲೇ ತಿಳೀತದೆ ಅವ್ರಿಗೆ. ನಾನೂ ಅದೇ ಹೊಗೇಲಿ ಇದ್ದೆ ಕಣವ್ವ, ಅದೇ ಅಟ್ಟದ ಕೆಳಗೆ. ನನ್ನ ಒಂದ್ಸಲನೂ ಕಿವಿಗೊಟ್ಟು ಕೇಳಲಿಲ್ಲ."

ಕಾಯಿ ಅಲ್ಲಾಡಲಿಲ್ಲ. ಕೈ ಕಿವಿಯ ಹತ್ತಿರವೇ ನಿಂತಿತ್ತು. ಮಲ್ಲಿಕಾರ್ಜುನಯ್ಯ ಗಂಟಲು ಸರಿಮಾಡಿಕೊಂಡು ನಾನಿನ್ನು ಬತ್ತೀನಿ ಎಂದರು, ಎದ್ದವರು ಹೋಗಲೂ ಆಗದೆ ನಿಂತರು. ದಯಾನಂದ್ ಮೇಜಿನ ಅಂಚು ಹಿಡಿದುಕೊಂಡಿದ್ದ. ಮಾವ ತಿರುಗದೆಯೇ ಕೇಳಿದರು.

"ಅವ್ಳು ಹಂಗಂದ್ಲಾ?"

"ಅಂದ್ರು ಮಾವ" ಎಂದಳು ಗಿರಿಜಾಂಬಿಕಾ. ಅವಳ ಬೆರಳು ಸಾಲನ್ನು ಬಿಟ್ಟಿರಲಿಲ್ಲ. "ಇನ್ನೂ ಐತೆ. ಬಂದು ಕೂತ್ಕೊಳ್ಳಿ."